ಇರುಳಿನ ಸರಕು

ಲಾಸ್ ಏಂಜಲೀಸ್ ಮಹಾನಗರದಲ್ಲಿ ಸೂರ್ಯಾಸ್ತದ ತರುವಾಯ ಆರಂಭವಾಗಿ, ಪ್ರಾತಃಕಾಲದ ವಾರ್ತಾಪ್ರಸಾರದ ವೇಳೆಗೆ ಲೆಕ್ಕ ಚುಕ್ತಾ ಆಗುವ ಒಂದು ವಾಣಿಜ್ಯವುಂಟು. ಅದಕ್ಕೆ ಅಂಗಡಿಯಿಲ್ಲ, ನಾಮಫಲಕವಿಲ್ಲ. ವೇಗವಾಗಿ ಓಡಬಲ್ಲ ಒಂದು ಕಾರು, ಪೊಲೀಸರೂ ಅಗ್ನಿಶಾಮಕ ದಳದವರೂ ತಮ್ಮತಮ್ಮಲ್ಲಿ ಆಡಿಕೊಳ್ಳುವ ನಿಸ್ತಂತು ಮಾತುಗಳನ್ನು ಹೊರಗಿನವರಿಗೂ ಕೇಳಿಸುವ ಸ್ಕ್ಯಾನರ್ ಎಂಬ ಯಂತ್ರ, ಒಂದು ಕ್ಯಾಮೆರಾ, ನಿದ್ರೆಯನ್ನು ಜಯಿಸಿದ ಎರಡು ಕಣ್ಣುಗಳು, ಇವಿಷ್ಟೇ ಅದರ ಬಂಡವಾಳ. ಕ್ಯಾಲಿಫೋರ್ನಿಯಾ ರಾಜ್ಯದ ದಂಡಸಂಹಿತೆಯ ಕಲಮುಗಳ ಸಂಖ್ಯೆಯೇ ಅಲ್ಲಿಯ ಪೊಲೀಸರ ಆಡುಮಾತಿನಲ್ಲಿ ಬೆರೆತುಹೋಗಿರುವುದರಿಂದ, 187 ಎಂದರೆ ಕೊಲೆ, 211 ಎಂದರೆ ದರೋಡೆ, 459 ಎಂದರೆ ಕನ್ನ, 451 ಎಂದರೆ ಬೆಂಕಿಯಿಟ್ಟ ಪ್ರಕರಣ ಎಂಬುದನ್ನು ಕಂಠಪಾಠ ಮಾಡಿಕೊಂಡವನು, ಯಂತ್ರದಲ್ಲಿ ಸಂಖ್ಯೆ ಕೇಳಿಬಂದೊಡನೆ ಕಾರನ್ನು ತಿರುಗಿಸಿ, ಆಂಬುಲೆನ್ಸಿನ ಬೆನ್ನಿಗೇ ಸ್ಥಳವನ್ನು ತಲಪಿ, ಪೊಲೀಸರು ಹಳದಿ ಪಟ್ಟಿಯನ್ನು ಎಳೆದು ಕಟ್ಟುವುದರೊಳಗೆ ಕಂಡದ್ದನ್ನೆಲ್ಲ ಚಿತ್ರಿಸಿಕೊಂಡು, ಬೆಳಗಿನ ಜಾವದೊಳಗಾಗಿ ಯಾವ ವಾಹಿನಿ ಹೆಚ್ಚು ಬೆಲೆ ಕೊಡುವುದೋ ಅದರ ಬಾಗಿಲನ್ನು ತಟ್ಟುತ್ತಾನೆ. ಈ ಕಸುಬಿನವರನ್ನು ಸ್ಟ್ರಿಂಗರ್ ಎನ್ನುತ್ತಾರೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸುದ್ದಿಯೊಂದಕ್ಕೆ ಇಷ್ಟೆಂದು ಪಡೆದು ದುಡಿಯುವವರಿಗೂ ಇದೇ ಹೆಸರು ಸಂದಿರುವುದನ್ನು ಓದುಗರು ಬಲ್ಲರು. ಸಂಬಳವಿಲ್ಲ, ರಜೆಯಿಲ್ಲ. ಮಾಲು ಬಿಕರಿಯಾದರೆ ಹಣ. ಆಗದಿದ್ದರೆ ಆ ರಾತ್ರಿಯ ಪೆಟ್ರೋಲು ಅವನ ತಲೆಯ ಮೇಲೆ.

ಈ ವಾಣಿಜ್ಯವನ್ನು ವಸ್ತುವಾಗಿ ಮಾಡಿಕೊಂಡು ಡಾನ್ ಗಿಲ್ರಾಯ್ ಎಂಬಾತ ತಾನೇ ಬರೆದು, ಪ್ರಥಮ ಬಾರಿಗೆ ತಾನೇ ನಿರ್ದೇಶಿಸಿದ ‘ನೈಟ್‌ಕ್ರಾಲರ್’ ಎಂಬ ಚಲಚ್ಚಿತ್ರ 2014ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ, ಅಕ್ಟೋಬರ್ 31ರಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂದಿತು. ಸುಮಾರು 85 ಲಕ್ಷ ಡಾಲರುಗಳಲ್ಲಿ, ಎಂದರೆ ಹಾಲಿವುಡ್ಡಿನ ಮಾನದಿಂದ ನೋಡಿದರೆ ಕೈ ಬಿಗಿಹಿಡಿದು, ತಯಾರಾದ ಚಿತ್ರವಿದು. ಮೂಲ ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಇದರ ಕುರಿತು ನನಗೆ ಹೇಳಬೇಕೆನಿಸುವ ಮಾತು ಒಂದೇ. ಇದರ ನಾಯಕನು ಸುದ್ದಿಯ ವೃತ್ತಿಯನ್ನು ಕೆಡಿಸಲು ಹೊರಗಿನಿಂದ ನುಗ್ಗಿಬಂದ ದುಷ್ಟನೆಂದು ತಿಳಿದು ಎದ್ದುಬಂದವರು ಅರ್ಧ ಚಿತ್ರವನ್ನು ಮಾತ್ರ ನೋಡಿದವರು. ಅವನು ಕೆಲಸವನ್ನು ಅರಸಿಕೊಂಡು ಬಂದವನು. ಆ ಕಸುಬು ತನ್ನಿಂದ ಏನೇನನ್ನು ಬಯಸಿತೋ ಅದನ್ನೆಲ್ಲ, ಬಯಸಿದ ಕ್ರಮದಲ್ಲಿಯೇ, ಒಂದಿಷ್ಟೂ ಗೊಣಗದೆ ಒದಗಿಸಿಕೊಟ್ಟ ಆದರ್ಶ ಶಿಷ್ಯ.

ಲೂ ಬ್ಲೂಮ್ ನಮಗೆ ಮೊದಲು ಕಾಣಸಿಗುವುದು ಕಳ್ಳನಾಗಿ. ತಂತಿಬೇಲಿ, ತಾಮ್ರದ ತಂತಿ, ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳ ಇವನ್ನು ಕದ್ದು ಗುಜರಿಗೆ ಹಾಕುವುದು ಅವನ ಜೀವನೋಪಾಯ. ತಡೆಯಬಂದ ಕಾವಲುಗಾರನ ಮೇಲೆ ಎರಗಿ ಅವನ ಕೈಗಡಿಯಾರವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಕದ್ದ ಮಾಲನ್ನು ಗುಜರಿಯ ಯಜಮಾನನಿಗೆ ಮಾರಿದವನೇ, ಅದೇ ಉಸಿರಿನಲ್ಲಿ, ತಾನು ಶ್ರಮಜೀವಿಯೆಂದೂ, ಉನ್ನತವಾದ ಗುರಿಗಳನ್ನು ಇಟ್ಟುಕೊಂಡವನೆಂದೂ, ಅಲ್ಲಿಯೇ ಒಂದು ಕೆಲಸ ಕೊಡುವುದಾದರೆ ಮೊದಮೊದಲು ಸಂಬಳವಿಲ್ಲದೆಯೂ ದುಡಿಯಲು ಸಿದ್ಧನೆಂದೂ ವಿನಯದಿಂದ ನಿವೇದಿಸಿಕೊಳ್ಳುತ್ತಾನೆ. ಕಳ್ಳನಿಗೆ ಕೆಲಸ ಕೊಡುವುದಿಲ್ಲವೆಂಬ ಉತ್ತರ ಬರುತ್ತದೆ. ಬರುವುದು ಕಳವಿನ ಮಾಲನ್ನು ಈಗತಾನೆ ಕೊಂಡವನ ಬಾಯಿಂದ. ಲೂ ನಕ್ಕು ಹೊರಡುತ್ತಾನೆ. ಮಾಲು ಬೇಕು, ಮಾಲನ್ನು ತಂದ ಬಗೆಯ ವಿಚಾರ ಬೇಡ ಎಂಬ ನ್ಯಾಯವನ್ನು ಅವನು ಕಲಿತುಕೊಂಡದ್ದು ಸುದ್ದಿಮನೆಯಲ್ಲಲ್ಲ, ಇಲ್ಲಿ. ಅದೇ ರಾತ್ರಿ ಹೆದ್ದಾರಿಯಲ್ಲಿ ಉರಿಯುತ್ತಿರುವ ಕಾರನ್ನೂ, ಅದರೊಳಗಿನಿಂದ ಒಬ್ಬಳನ್ನು ಹೊರಗೆಳೆಯುತ್ತಿರುವ ಪೊಲೀಸರನ್ನೂ, ಅವರ ಮುಖಕ್ಕೇ ಕ್ಯಾಮೆರಾ ಹಿಡಿದ ಸ್ಟ್ರಿಂಗರುಗಳನ್ನೂ ಕಂಡು, ಮರುದಿನ ಕಡಲತೀರದಲ್ಲಿ ಒಂದು ದುಬಾರಿ ಸೈಕಲ್ಲನ್ನು ಕದ್ದು, ಅದನ್ನು ಕೊಟ್ಟು ಕ್ಯಾಮೆರಾವನ್ನೂ ಸ್ಕ್ಯಾನರನ್ನೂ ಪಡೆದು ಕಸುಬಿಗೆ ಇಳಿಯುತ್ತಾನೆ.

ಇವನ ಹಿಂದಿನ ಬದುಕೇನು, ತಾಯಿತಂದೆಗಳಾರು, ಬಾಲ್ಯದಲ್ಲಿ ಯಾವ ಪೆಟ್ಟು ಬಿದ್ದು ಹೀಗಾದ, ಎಂಬುದೊಂದನ್ನೂ ಗಿಲ್ರಾಯ್ ಹೇಳುವುದಿಲ್ಲ. ಇದು ಜಾಣತನದ ಮೌನ. ಕಾರಣವನ್ನು ಕೊಟ್ಟೊಡನೆ ಪ್ರೇಕ್ಷಕನು ಆ ಕಾರಣದ ಮರೆಯಲ್ಲಿ ತಾನು ಬೇರೆ, ಅವನು ಬೇರೆ ಎಂದು ನಿಶ್ಚಿಂತನಾಗಿಬಿಡುತ್ತಾನೆ. ಇಲ್ಲಿ ಆ ಸೌಲಭ್ಯವಿಲ್ಲ. ಒಂಟಿಯಾದ ಒಂದು ಮನೆ, ನೀರೆರೆಯಲು ಕುಂಡದಲ್ಲೊಂದು ಗಿಡ, ಕಂಪ್ಯೂಟರು, ದೂರದರ್ಶನ. ಅವನಿಗಿರುವ ವಿದ್ಯೆಯೆಲ್ಲ ಅಂತರಜಾಲದಲ್ಲಿ ಕಲಿತ ವ್ಯವಹಾರನಿರ್ವಹಣೆಯ ಪಾಠಗಳು. ನಮ್ಮ ಬಸ್ ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ರಾಶಿಬಿದ್ದಿರುವ ಯಶಸ್ಸಿನ ಕೈಪಿಡಿಗಳನ್ನು ತಿರುವಿಹಾಕಿದವರಿಗೆ ಲೂವಿನ ಮಾತಿನ ಧಾಟಿ ಪರಿಚಿತವಾಗಿಯೇ ತೋರುತ್ತದೆ: ಗುರಿಯನ್ನು ನಿಗದಿಮಾಡಿಕೊಳ್ಳುವುದು, ಸಂವಹನವೇ ಯಶಸ್ಸಿನ ಕೀಲಿ, ಸಂಸ್ಥೆಯ ಬೆಳವಣಿಗೆಯಲ್ಲಿ ಪ್ರತಿಯೊಬ್ಬನ ಪಾತ್ರ, ಇತ್ಯಾದಿ. ಅವನು ಗದರಿಸುವುದು ಅಪರೂಪ. ಬೆದರಿಸುವಾಗಲೂ ಉದ್ಯೋಗಿಯ ವಾರ್ಷಿಕ ಮೌಲ್ಯಮಾಪನ ಮಾಡುವ ಮೇಲಧಿಕಾರಿಯ ಸೌಜನ್ಯದಿಂದಲೇ ಬೆದರಿಸುತ್ತಾನೆ. ಪ್ರೇಕ್ಷಾಗೃಹದಲ್ಲಿ ಜನ ಮೊದಲು ನಗುವುದು ಈ ಭಾಷೆಯನ್ನು ಕೇಳಿ; ಸ್ವಲ್ಪ ಹೊತ್ತಿನಲ್ಲಿ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದೂ ಅದನ್ನು ಕೇಳಿಯೇ. 2008ರ ಆರ್ಥಿಕ ಕುಸಿತದ ತರುವಾಯ ಕೆಲಸವಿಲ್ಲದೆ ಅಲೆದ ಒಂದು ತಲೆಮಾರಿಗೆ ಹೇಳಲಾದ ಉಪದೇಶವನ್ನು ಅಕ್ಷರಶಃ ನಂಬಿ, ಅಕ್ಷರಶಃ ಆಚರಿಸಿದ ಒಬ್ಬನೇ ಒಬ್ಬ ಭಕ್ತನು ಹೇಗಿರಬಹುದೋ ಹಾಗಿದ್ದಾನೆ ಈ ಲೂ ಬ್ಲೂಮ್.

ಪಾತ್ರಧಾರಿ ಜೇಕ್ ಜಿಲೆನ್‌ಹಾಲ್ ಇದಕ್ಕಾಗಿ ಹದಿಮೂರು ಕಿಲೋದಷ್ಟು ತೂಕವನ್ನು ಇಳಿಸಿಕೊಂಡನಂತೆ. ಲಾಸ್ ಏಂಜಲೀಸಿನ ಬೆಟ್ಟದ ತಪ್ಪಲುಗಳಿಂದ ರಾತ್ರಿಯ ಹೊತ್ತು ಬೀದಿಗಿಳಿದು ಎಂಜಲು, ಸಾಕುಬೆಕ್ಕು, ಸಿಕ್ಕಿದ್ದನ್ನೆಲ್ಲ ತಿಂದು ಹೋಗುವ ಕೊಯೋಟಿ ಎಂಬ ತೋಳಜಾತಿಯ ಪ್ರಾಣಿಯನ್ನು ನಟನೂ ನಿರ್ದೇಶಕನೂ ಮಾದರಿಯಾಗಿ ಇಟ್ಟುಕೊಂಡಿದ್ದರು. ಒಳಸೇರಿದ ಕೆನ್ನೆ, ಎಣ್ಣೆಗಟ್ಟಿದ ಕೂದಲು, ರೆಪ್ಪೆ ಬಡಿಯಲು ಮರೆತಂತಿರುವ ಅಗಲವಾದ ಕಣ್ಣು, ಇವುಗಳಿಂದ ಅವನು ಸದಾ ಹಸಿದವನಂತೆ ಕಾಣುತ್ತಾನೆ. ಆ ವರ್ಷದ ಆಸ್ಕರ್ ಪಟ್ಟಿಯಲ್ಲಿ ಶ್ರೇಷ್ಠನಟರ ಸಾಲಿನಲ್ಲಿ ಈತನ ಹೆಸರು ಬಾರದೆಹೋದದ್ದು ಆ ಸಂಸ್ಥೆಯ ರುಚಿಯ ಬಗೆಗೆ ಏನನ್ನೋ ಹೇಳುತ್ತದೆ. ಅದು ಬೇರೊಂದು ದಿನದ ಮಾತು.

ಮಾಲನ್ನು ತರುವವನು ಸಿದ್ಧನಾದ, ಕೊಳ್ಳುವವರು ಯಾರು? ರೆನೆ ರೂಸೋ ಅಭಿನಯಿಸಿರುವ ನೀನಾ ಎಂಬಾಕೆ, ಜನಪ್ರಿಯತೆಯ ಪಟ್ಟಿಯಲ್ಲಿ ಕೆಳಗಿರುವ ಒಂದು ಸ್ಥಳೀಯ ವಾಹಿನಿಯ ಬೆಳಗಿನ ವಾರ್ತೆಯ ಮುಖ್ಯಸ್ಥೆ. ಅವಳ ನೌಕರಿ ಒಪ್ಪಂದದ ಮೇಲಿನದು. ವೀಕ್ಷಕರ ಸಂಖ್ಯೆಯನ್ನು ಅಳೆದು ಜಾಹೀರಾತಿನ ದರವನ್ನು ಗೊತ್ತುಮಾಡುವ, ಅಲ್ಲಿಯವರು ಸ್ವೀಪ್ಸ್ ಎಂದು ಕರೆಯುವ ತಿಂಗಳುಗಳಲ್ಲಿ ಅಂಕಿ ಏರದಿದ್ದರೆ ಒಪ್ಪಂದ ಮುಂದುವರಿಯದು. ಹೀಗಾಗಿ ಅವಳು ಹೊಸಬನಿಗೆ ತನ್ನ ಅವಶ್ಯಕತೆಯನ್ನು ಮುಚ್ಚುಮರೆಯಿಲ್ಲದೆ ವಿವರಿಸುತ್ತಾಳೆ. ಅಪರಾಧವೆಲ್ಲವೂ ಸುದ್ದಿಯಲ್ಲ. ಬಡವರ ಕೇರಿಯಲ್ಲಿ ಬಡವನು ಬಡವನನ್ನು ಕೊಂದರೆ ಅದಕ್ಕೆ ಬೆಲೆಯಿಲ್ಲ. ಹಲ್ಲೆಗೊಳಗಾದವರು ಬಿಳಿಯರೂ ಅನುಕೂಲಸ್ಥರೂ ಆಗಿರಬೇಕು, ಹಲ್ಲೆಮಾಡಿದವರು ಬಡವರೋ ಅಲ್ಪಸಂಖ್ಯಾತ ವರ್ಣದವರೋ ಆಗಿರಬೇಕು, ನಗರದ ಒಳಗಿನ ಪಾತಕ ಹೊರವಲಯದ ನೆಮ್ಮದಿಯ ಬಡಾವಣೆಗಳೊಳಕ್ಕೆ ತೆವಳಿಬರುತ್ತಿದೆಯೆಂಬ ಭಾವ ಮೂಡಬೇಕು. ತನ್ನ ವಾರ್ತೆಯ ಸ್ವರೂಪವನ್ನು ಅವಳು ಕತ್ತು ಸೀಳಿಸಿಕೊಂಡು ಬೀದಿಯಲ್ಲಿ ಚೀರುತ್ತ ಓಡುವ ಹೆಂಗಸೊಬ್ಬಳ ಚಿತ್ರದಿಂದ ಅವನಿಗೆ ತಿಳಿಯಹೇಳುವ ಆ ಸಂಭಾಷಣೆಯನ್ನು ಜಾಗರೂಕತೆಯಿಂದ ಕೇಳಬೇಕು. ಲೂ ಇನ್ನೂ ಯಾವುದನ್ನೂ ತಿದ್ದಿಲ್ಲ; ಆದರೆ ಬೇಡಿಕೆಯ ಪಟ್ಟಿ ಆಗಲೇ ಸಿದ್ಧವಾಗಿದೆ. ಮುಂದೆ ನಡೆಯುವ ಘೋರಗಳೆಲ್ಲ ಈ ಪಟ್ಟಿಗೆ ಅನುಸಾರವಾಗಿ ಒಂದೊಂದಾಗಿ ಬಂದಿಳಿಯುವ ಸರಕುಗಳು.

ಇದು ಕಥೆಗಾರನ ಉತ್ಪ್ರೇಕ್ಷೆಯೆಂದು ಕೆಲವರಿಗೆ ತೋರಬಹುದು. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾರ್ಮನ್ ಲಿಯರ್ ಕೇಂದ್ರದವರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲಾಸ್ ಏಂಜಲೀಸಿನ ವಾಹಿನಿಗಳು ಅರ್ಧ ಗಂಟೆಯ ವಾರ್ತೆಯಲ್ಲಿ ಸ್ಥಳೀಯ ಆಡಳಿತದ ವಿಷಯಗಳಿಗೆ, ಎಂದರೆ ಆಯವ್ಯಯ, ಶಾಲೆ, ಸಾರಿಗೆ ಮುಂತಾದವುಗಳಿಗೆಲ್ಲ ಸೇರಿ, ಸರಾಸರಿ 22 ಸೆಕೆಂಡುಗಳನ್ನು ಮಾತ್ರ ಮೀಸಲಿಡುತ್ತಿದ್ದುದು ಕಂಡುಬಂದಿತು. ಅಪರಾಧಕ್ಕೆ ದೊರೆಯುತ್ತಿದ್ದ ಕಾಲ ಅದರ ಎಷ್ಟೋ ಪಟ್ಟು. ಗಿಲ್ರಾಯ್ ಈ 22 ಸೆಕೆಂಡುಗಳನ್ನು ಲೂವಿನ ಬಾಯಲ್ಲೇ ಹಾಕಿದ್ದಾನೆ. ನಾವು ಒಂದು ಅಧ್ಯಯನದ ಅಂಕಿಯನ್ನು ಓದಿ ನಿಟ್ಟುಸಿರಿಡುತ್ತೇವೆ. ಲೂ ಅದೇ ಅಂಕಿಯನ್ನು ಓದಿ ತನ್ನ ಮಾಲಿನ ದರವನ್ನು ಏರಿಸುತ್ತಾನೆ. ಸೋಜಿಗದ ಮತ್ತೊಂದು ಸಂಗತಿಯೆಂದರೆ, ಆ ನಗರದಲ್ಲಿ 1992ರಲ್ಲಿ ಸಾವಿರವನ್ನು ಮೀರಿದ್ದ ಕೊಲೆಗಳ ವಾರ್ಷಿಕ ಸಂಖ್ಯೆ ಈ ಚಿತ್ರ ತಯಾರಾಗುವ ಹೊತ್ತಿಗೆ ಮುನ್ನೂರಕ್ಕೂ ಕೆಳಗಿಳಿದಿತ್ತು. ಪಾತಕ ಇಳಿಯುತ್ತಿದ್ದಾಗ ಪಾತಕದ ಸುದ್ದಿ ಇಳಿಯಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಜಾರ್ಜ್ ಗರ್ಬ್ನರ್ 1960ರ ದಶಕದ ಕೊನೆಯಿಂದ ದೂರದರ್ಶನದ ಹಿಂಸಾದೃಶ್ಯಗಳನ್ನು ವರ್ಷವರ್ಷವೂ ಎಣಿಸುತ್ತ ಬಂದು ಕಂಡುಕೊಂಡದ್ದೂ ಇದೇ ಜಾಡಿನ ವಿಚಾರ: ಹೆಚ್ಚು ಹೊತ್ತು ದೂರದರ್ಶನವನ್ನು ನೋಡುವವರು ಲೋಕವನ್ನು ಅದು ಇರುವುದಕ್ಕಿಂತ ಹೆಚ್ಚು ಅಪಾಯಕರವೆಂದು ಭಾವಿಸುತ್ತಾರೆ, ನೆರೆಯವರನ್ನು ಕಡಿಮೆ ನಂಬುತ್ತಾರೆ. ಭಯಗೊಂಡವನು ಬಾಗಿಲಿಗೆ ಅಗುಳಿ ಹಾಕಿಕೊಂಡು ಒಳಗೆ ಕುಳಿತು ಮತ್ತೆ ವಾರ್ತೆಯನ್ನೇ ಹಚ್ಚುತ್ತಾನೆ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಗಿರಾಕಿ ಉಂಟೆ?

ಪಾತಕ, ಅಪಘಾತಗಳನ್ನು ಬೆನ್ನಟ್ಟಿ ತೋರಿಸುವ ಈ ರೂಢಿ ಲಾಸ್ ಏಂಜಲೀಸಿನಲ್ಲಿ ಬೇರೂರಿದ್ದಕ್ಕೆ ಆ ನಗರದ ರಚನೆಯೂ ಕಾರಣವಾಗಿದೆ. ಮೈಲಿಗಟ್ಟಲೆ ಹರಡಿದ ಬಡಾವಣೆಗಳು, ಅವನ್ನು ಹೆಣೆದಿರುವ ಹೆದ್ದಾರಿಗಳು, ವರ್ಷದ ಬಹುಭಾಗ ಮೋಡವಿಲ್ಲದ ಆಕಾಶ. 1958ರಲ್ಲಿ ಕೆಟಿಎಲ್‌ಎ ವಾಹಿನಿಯ ಎಂಜಿನಿಯರ್ ಜಾನ್ ಸಿಲ್ವಾ ಹೆಲಿಕಾಪ್ಟರಿನೊಳಗೆ ದೂರದರ್ಶನದ ಕ್ಯಾಮೆರಾವನ್ನು ಕೂಡಿಸಿ ಆಕಾಶದಿಂದ ನೇರಪ್ರಸಾರ ಮಾಡುವ ಉಪಾಯವನ್ನು ಕಂಡುಹಿಡಿದುದು ಇಲ್ಲಿಯೇ. 1994ರ ಜೂನ್ 17ರಂದು ಕೊಲೆಯ ಆರೋಪ ಹೊತ್ತಿದ್ದ ಮಾಜಿ ಕ್ರೀಡಾತಾರೆ ಓ.ಜೆ. ಸಿಂಪ್ಸನ್ ಕುಳಿತಿದ್ದ ಬಿಳಿಯ ಕಾರನ್ನು ಪೊಲೀಸರು ನಿಧಾನವಾಗಿ ಹಿಂಬಾಲಿಸಿದ್ದನ್ನು ಮೇಲಿನಿಂದ ತೋರಿಸಿದಾಗ ಅಮೆರಿಕದಲ್ಲಿ ಒಂಬತ್ತು ಕೋಟಿಗೂ ಮೀರಿದ ಜನ ಕಣ್ಣುಕೀಳದೆ ನೋಡಿದರೆಂದು ಅಂದಾಜಿದೆ. ನಾಲ್ಕು ವರ್ಷಗಳ ಬಳಿಕ, 1998ರ ಏಪ್ರಿಲ್ 30ರಂದು, ವೈದ್ಯಕೀಯ ವಿಮೆಯ ಮೇಲೆ ರೋಷಗೊಂಡಿದ್ದ ಒಬ್ಬ ರೋಗಿ ಅದೇ ನಗರದ ಹೆದ್ದಾರಿಯ ಮೇಲೆ ತನ್ನ ಪ್ರಾಣವನ್ನು ತೆಗೆದುಕೊಂಡುದು, ಮಕ್ಕಳ ಕಾರ್ಯಕ್ರಮಗಳನ್ನು ಅರ್ಧಕ್ಕೆ ತಡೆದು ಹಾಕಿದ ನೇರಪ್ರಸಾರದಲ್ಲಿ ಮಕ್ಕಳ ಕಣ್ಣೆದುರಿಗೇ ಬಿತ್ತರಗೊಂಡಿತು. ಗಿಲ್ರಾಯ್‌ಗೆ ಕಲ್ಪಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಚಿತ್ರದಲ್ಲಿ ಸುದ್ದಿ ಓದುವವರ ಪಾತ್ರಗಳಲ್ಲಿ ಆ ನಗರದ ನಿಜವಾದ ವಾರ್ತಾವಾಚಕರೇ ಕಾಣಿಸಿಕೊಂಡಿದ್ದಾರೆ. ತಮ್ಮ ಕಸುಬಿನ ಮೇಲಿನ ಆರೋಪಪಟ್ಟಿಯನ್ನು ತಾವೇ ಅಷ್ಟು ಸ್ಫುಟವಾದ ಉಚ್ಚಾರಣೆಯಿಂದ ಓದಿಕೊಟ್ಟ ಅವರ ಔದಾರ್ಯವನ್ನು ಮೆಚ್ಚಲೇಬೇಕು.

ಗಿಲ್ರಾಯ್‌ನ ಮನಸ್ಸಿನಲ್ಲಿ ಮೊದಲು ಇದ್ದದ್ದು ಲಾಸ್ ಏಂಜಲೀಸ್ ಅಲ್ಲ, 1930-40ರ ನ್ಯೂಯಾರ್ಕ್. ವೀಜಿ ಎಂಬ ಹೆಸರಿನಿಂದ ಪ್ರಸಿದ್ಧನಾದ ಆರ್ಥರ್ ಫೆಲಿಗ್ ಎಂಬ ಛಾಯಾಗ್ರಾಹಕನ ಬಗೆಗೆ ಚಿತ್ರ ಮಾಡಬೇಕೆಂದು ಅವನು ಬಯಸಿದ್ದ. ಈ ವೀಜಿ ಪೊಲೀಸರ ಕೇಂದ್ರ ಕಚೇರಿಯ ಸಮೀಪದಲ್ಲಿಯೇ ಕೋಣೆ ಹಿಡಿದು, 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೊ ಇರಿಸಿಕೊಳ್ಳಲು ಅನುಮತಿ ಪಡೆದು, ರಾತ್ರಿಯೆಲ್ಲ ಕೊಲೆ, ಬೆಂಕಿ, ಅಪಘಾತಗಳ ಬೆನ್ನುಹತ್ತಿ ಚಿತ್ರ ತೆಗೆದು, ಕಾರಿನ ಹಿಂಭಾಗವನ್ನೇ ಕಚೇರಿ ಮಾಡಿಕೊಂಡು, ಬೆಳಗಿನ ಪತ್ರಿಕೆಗಳಿಗೆ ಮಾರುತ್ತಿದ್ದವನು. ಆದರೆ ಅವನನ್ನು ಲೂವಿನ ಪಿತಾಮಹನೆಂದು ಕರೆದು ಕೈತೊಳೆದುಕೊಂಡರೆ ಅನ್ಯಾಯವಾದೀತು. ಶವಕ್ಕಿಂತ ಶವವನ್ನು ನೋಡಲು ನೆರೆದ ಜನರ ಮುಖಗಳ ಕಡೆಗೆ ವೀಜಿಯ ಕಣ್ಣು ಹೆಚ್ಚಾಗಿ ಹೊರಳುತ್ತಿತ್ತು; ಆ ಮುಖಗಳಲ್ಲಿಯ ಅಳು, ನಗು, ಕುತೂಹಲ, ನಿರ್ಲಜ್ಜೆ ಎಲ್ಲವೂ ಸೇರಿಯೇ ಅವನ ಚಿತ್ರಗಳು ಕಲಾ ವಸ್ತುಸಂಗ್ರಹಾಲಯಗಳ ಗೋಡೆಯನ್ನು ಏರಿದವು, 1945ರಲ್ಲಿ ‘ನೇಕೆಡ್ ಸಿಟಿ’ ಎಂಬ ಪುಸ್ತಕವಾದವು. ಹಾಗೆಂದು ಅವನ ಕೈಯೂ ಪೂರ್ಣವಾಗಿ ಶುಚಿಯಲ್ಲ. ಒಡವೆ ಹೇರಿಕೊಂಡು ಸಂಗೀತನಾಟಕಕ್ಕೆ ಬಂದ ಇಬ್ಬರು ಶ್ರೀಮಂತ ಮಹಿಳೆಯರನ್ನು ಹರಕು ಬಟ್ಟೆಯ ಹೆಂಗಸೊಬ್ಬಳು ದಿಟ್ಟಿಸುತ್ತಿರುವ, 1943ರ ‘ದಿ ಕ್ರಿಟಿಕ್’ ಎಂಬ ಅವನ ವಿಖ್ಯಾತ ಚಿತ್ರದಲ್ಲಿ, ಆ ಹೆಂಗಸನ್ನು ಹೆಂಡದಂಗಡಿಯಿಂದ ಕರೆತಂದು ನಿಲ್ಲಿಸಲಾಗಿತ್ತೆಂದು ಎಷ್ಟೋ ಕಾಲದ ಮೇಲೆ ಅವನ ಸಹಾಯಕನೇ ಹೇಳಿದ. ಚೌಕಟ್ಟಿನೊಳಗೆ ಇಲ್ಲದ್ದನ್ನು ತಂದಿರಿಸುವ ಆಸೆ ಕ್ಯಾಮೆರಾದಷ್ಟೇ ಹಳೆಯದು.

ಅದೇ ಆಸೆ ಲೂವಿನಲ್ಲಿ ಬೆಳೆಯುವ ಬಗೆಯನ್ನು ಗಿಲ್ರಾಯ್ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾನೆ. ಮೊದಲು ಗುಂಡಿನ ತೂತುಬಿದ್ದ ಮನೆಯೊಂದನ್ನು ಹೊಕ್ಕು, ಶೀತಪೆಟ್ಟಿಗೆಯ ಮೇಲೆ ಅಂಟಿಸಿದ್ದ ಕುಟುಂಬದ ಚಿತ್ರಗಳನ್ನು ಆ ತೂತುಗಳ ಪಕ್ಕಕ್ಕೆ ಸರಿಸುತ್ತಾನೆ. ಸಣ್ಣ ತಿದ್ದುಪಡಿ, ಯಾರಿಗೂ ನೋವಿಲ್ಲ. ಆಮೇಲೊಂದು ರಾತ್ರಿ ಅಪಘಾತದ ಸ್ಥಳಕ್ಕೆ ಪೊಲೀಸರಿಗಿಂತ ಮೊದಲೇ ಬಂದವನು, ಹೆಣವೊಂದು ಬೆಳಕಿಗೆ ಸರಿಯಾಗಿ ಬಿದ್ದಿಲ್ಲವೆಂದು ಕಂಡು, ಅದನ್ನು ಕಾಲುಹಿಡಿದೆಳೆದು ದೀಪದ ಬೆಳಕಿಗೆ ತಂದು, ಎತ್ತರದಲ್ಲಿ ನಿಂತು ಎರಡು ಕೈಗಳಿಂದ ಕ್ಯಾಮೆರಾವನ್ನು ಆಕಾಶಕ್ಕೆತ್ತಿ ಚಿತ್ರಿಸುತ್ತಾನೆ. ಈ ಘಟ್ಟದಲ್ಲಿ ಜೇಮ್ಸ್ ನ್ಯೂಟನ್ ಹೋವರ್ಡ್ ರಚಿಸಿದ ಸಂಗೀತ ಭೀಕರವಾಗಬೇಕೆಂದು ನಾವು ನಿರೀಕ್ಷಿಸುತ್ತೇವೆ. ಅದು ಭೀಕರವಾಗುವುದಿಲ್ಲ, ಯಾವನೋ ಸಾಧಕ ಗುಡ್ಡದ ತುದಿ ಮುಟ್ಟಿದಾಗ ನುಡಿಯುವ ವಾದ್ಯಗಳಂತೆ ಉಲ್ಲಾಸದಿಂದ ಮೇಲೇರುತ್ತದೆ. ನಮ್ಮ ಕಿವಿಗೆ ಬೀಳುತ್ತಿರುವುದು ಲೂವಿನ ತಲೆಯೊಳಗಿನ ಸಂಗೀತ. ರಾಬರ್ಟ್ ಎಲ್ಸ್‌ವಿಟ್‌ನ ಛಾಯಾಗ್ರಹಣವೂ ಹೀಗೆಯೇ ಅವನ ಪಕ್ಷಪಾತಿ: ಹಗಲನ್ನು ಫಿಲ್ಮಿನಲ್ಲಿಯೂ ಇರುಳನ್ನು ಡಿಜಿಟಲ್ ಕ್ಯಾಮೆರಾದಲ್ಲಿಯೂ ಸೆರೆಹಿಡಿದ ಆತ, ಹೊಲಸು ಮುಚ್ಚಿಟ್ಟುಕೊಂಡ ನಗರವನ್ನು ತೋರಿಸುವ ಬದಲು ಹಳದಿ ದೀಪಗಳಲ್ಲಿ ಮಿಂದ, ದೂರದವರೆಗೆ ನಿರ್ಮಲವಾಗಿ ಕಾಣುವ, ಮೋಹಿಸುವಂಥ ಇರುಳನ್ನು ತೋರಿಸುತ್ತಾನೆ. ಹೀಗೆ ಕಣ್ಣೂ ಕಿವಿಯೂ ಅವನ ವಶವಾದಮೇಲೆ ನಮಗೇ ತಿಳಿಯದಂತೆ ಒಂದು ಸಂಗತಿ ಜರುಗುತ್ತದೆ. ಪೊಲೀಸರು ಬರುವುದರೊಳಗೆ ಅವನಿಗೆ ಚಿತ್ರ ಸಿಕ್ಕೀತೇ ಎಂದು ನಾವೇ ಉಸಿರು ಬಿಗಿಹಿಡಿಯುತ್ತೇವೆ. ಸಿಕ್ಕಲಿ ಎಂದು ಹಾರೈಸುತ್ತೇವೆ. ಬೆಳಗಿನ ವಾರ್ತೆಯ ಮುಂದೆ ಕಾಫಿಯ ಲೋಟ ಹಿಡಿದು ಕುಳಿತವನಿಗೂ ನಮಗೂ ಆಗ ಎಷ್ಟು ಅಂತರ ಉಳಿಯಿತು?

ಚಿತ್ರದ ನಡುಹೊಕ್ಕುಳು ಗ್ರನಾಡಾ ಹಿಲ್ಸ್ ಎಂಬ ಸಿರಿವಂತರ ಬಡಾವಣೆಯ ಮನೆಯೊಂದರ ಕಗ್ಗೊಲೆ. ಲೂ ಅಲ್ಲಿ ಕೊಲೆಗಾರರು ಹೊರಬೀಳುವ ಮೊದಲೇ ತಲಪಿ, ಅವರ ಮುಖಗಳನ್ನೂ ಕಾರಿನ ಸಂಖ್ಯೆಯನ್ನೂ ಚಿತ್ರಿಸಿಕೊಂಡು, ಒಳಹೊಕ್ಕು ಕೋಣೆಕೋಣೆಯ ಹೆಣಗಳನ್ನೂ ಚಿತ್ರಿಸಿ, ಪೊಲೀಸರಿಗೆ ಕೊಡುವ ಪ್ರತಿಯಿಂದ ಕೊಲೆಗಾರರ ಭಾಗವನ್ನು ಕತ್ತರಿಸಿಡುತ್ತಾನೆ. ಮುಂದೆ ಅವರನ್ನು ತಾನೇ ಪತ್ತೆಹಚ್ಚಿ, ಜನ ಕುಳಿತು ಉಣ್ಣುತ್ತಿರುವ ಹೋಟೆಲೊಂದಕ್ಕೆ ಅವರು ಹೋಗುವವರೆಗೆ ಕಾದು, ಆಮೇಲೆ ಪೊಲೀಸರಿಗೆ ಕರೆಮಾಡುತ್ತಾನೆ. ಗುಂಡಿನ ಕಾಳಗ ಬೇಕಾದ ಸ್ಥಳದಲ್ಲಿ, ಬೇಕಾದ ಬೆಳಕಿನಲ್ಲಿ ನಡೆಯಬೇಕಷ್ಟೆ. ಇದು ರೋಮಾಂಚಕ ಕಥಾನಕದ ಭಾಗ. ಆದರೆ ನನ್ನ ಮಟ್ಟಿಗೆ ಚಿತ್ರದ ಅತ್ಯಂತ ಕ್ರೂರವಾದ ಕ್ಷಣ ಸುದ್ದಿಮನೆಯೊಳಗೆ, ಯಾರ ಧ್ವನಿಯೂ ಏರದೆ ನಡೆದುಹೋಗುತ್ತದೆ. ಆ ಮನೆಯಲ್ಲಿ ಮಾದಕದ್ರವ್ಯ ದೊರೆತಿದೆ, ಇದು ಸಭ್ಯ ಬಡಾವಣೆಗೆ ನುಗ್ಗಿದ ಅಪರಿಚಿತರ ದಾಳಿಯಲ್ಲ, ಕಳ್ಳವ್ಯವಹಾರದವರ ಒಳಜಗಳ ಎಂದು ವರದಿ ಬರುತ್ತದೆ. ಊರಿನವರು ನಿಶ್ಚಿಂತರಾಗಿ ಮಲಗಬಹುದಾದ ಸುದ್ದಿಯಿದು. ಸಹೋದ್ಯೋಗಿಯೊಬ್ಬ ಅದನ್ನು ಪ್ರಸಾರ ಮಾಡಬೇಕೆಂದಾಗ ನೀನಾ ಅದನ್ನು ಬದಿಗೆ ಸರಿಸಿಬಿಡುತ್ತಾಳೆ, ಏಕೆಂದರೆ ಅದು ಕಥೆಯನ್ನು ಕೆಡಿಸುತ್ತದೆ. ಲೂ ಹೆಣವನ್ನು ಎಳೆದ. ಅವಳು ಸತ್ಯವನ್ನು ಎಳೆದುಹಾಕಿದಳು. ಸಂವೇದನೆಯನ್ನು ಕೆರಳಿಸುವ ಸುದ್ದಿಯೆಂದರೆ ಸುಳ್ಳನ್ನು ಸೇರಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅನೇಕ ವೇಳೆ ಒಂದು ಸುಳ್ಳನ್ನೂ ಸೇರಿಸಬೇಕಾಗಿಲ್ಲ. ಸಮಾಧಾನ ತರುವ ಒಂದು ನಿಜವನ್ನು ಕಳೆದರೆ ಸಾಕು.

ಇದೇ ಬಗೆಯ ಕಥೆಯನ್ನು ಅಮೆರಿಕದ ಚಿತ್ರರಂಗ ಈ ಚಿತ್ರಕ್ಕೆ ಅರುವತ್ತು ವರ್ಷಗಳ ಹಿಂದೆಯೂ ಹೇಳಿತ್ತು. ಬಿಲ್ಲಿ ವೈಲ್ಡರ್ 1951ರಲ್ಲಿ ನಿರ್ದೇಶಿಸಿದ ‘ಏಸ್ ಇನ್ ದ ಹೋಲ್’ ಎಂಬ ಚಿತ್ರದ ಪತ್ರಕರ್ತ ಟೇಟಮ್, ಗುಹೆಯಲ್ಲಿ ಸಿಕ್ಕಿಕೊಂಡವನನ್ನು ಬೇಗನೆ ಹೊರತೆಗೆಯಬಹುದಾಗಿದ್ದರೂ ಸುದ್ದಿ ಹೆಚ್ಚು ದಿನ ಬಾಳಲೆಂದು ನಿಧಾನದ ಮಾರ್ಗವನ್ನು ಹಿಡಿಸುತ್ತಾನೆ. ಹೊರಗೆ ಜಾತ್ರೆ ನೆರೆಯುತ್ತದೆ, ಒಳಗೆ ಮನುಷ್ಯ ಸಾಯುತ್ತಾನೆ. ಅದಕ್ಕೆ ಪ್ರೇರಣೆ 1925ರಲ್ಲಿ ಕೆಂಟಕಿಯ ಗುಹೆಯೊಂದರಲ್ಲಿ ಸಿಲುಕಿದ ಫ್ಲಾಯ್ಡ್ ಕಾಲಿನ್ಸ್ ಎಂಬಾತನ ನಿಜವಾದ ದುರಂತ. ಟೇಟಮ್‌ಗೆ ಕೊನೆಯಲ್ಲಿ ಪಶ್ಚಾತ್ತಾಪವಾಗುತ್ತದೆ, ಅವನು ಸಾಯುತ್ತಾನೆ. ಪಾತಕಿಗೆ ಶಿಕ್ಷೆಯಾಗಲೇಬೇಕೆಂದು ಆ ಕಾಲದ ಹಾಲಿವುಡ್ಡಿನ ಸ್ವಯಂನಿಯಂತ್ರಣದ ಸಂಹಿತೆ ವಿಧಿಸಿತ್ತೆಂಬುದು ನಿಜವೇ ಆದರೂ, ವೈಲ್ಡರನ ಕಾಲಕ್ಕೆ ಪ್ರೇಕ್ಷಕನೂ ಅದನ್ನು ನಿರೀಕ್ಷಿಸುತ್ತಿದ್ದ. ಲೂವಿಗೆ ಯಾವ ಶಿಕ್ಷೆಯೂ ಇಲ್ಲ. ತನಿಖಾಧಿಕಾರಿಣಿ ಅವನನ್ನು ಎದುರಿಗೆ ಕೂಡಿಸಿಕೊಂಡು ಪ್ರಶ್ನಿಸುತ್ತಾಳೆ. ಅವಳಿಗೆ ಎಲ್ಲವೂ ಗೊತ್ತು, ಸಾಬೀತುಮಾಡಲು ಏನೂ ಇಲ್ಲ. ಕೊನೆಯಲ್ಲಿ ಅವನ ಸಂಸ್ಥೆಗೆ ಎರಡು ವ್ಯಾನುಗಳೂ ಕೆಲವು ಹೊಸ ಹುಡುಗರೂ ಬಂದು ಸೇರುತ್ತಾರೆ.

ಹೊಸ ಹುಡುಗರಿಗೆ ಮೊದಲು ಇದ್ದವನು ರಿಕ್. ರಿಜ್ ಅಹ್ಮದ್ ಅಭಿನಯಿಸಿದ ಈ ನಿರ್ವಸತಿಗ ತರುಣ ರಾತ್ರಿಯೊಂದಕ್ಕೆ 30 ಡಾಲರುಗಳಿಗೆ ದಾರಿ ತೋರಿಸುವ ಸಹಾಯಕನಾಗಿ ಸೇರುತ್ತಾನೆ. ಚಿತ್ರದ ವಿಮರ್ಶೆಗಳಲ್ಲಿ ಈ ಪಾತ್ರಕ್ಕೆ ದೊರೆತ ಗಮನ ಸಾಲದು. ಲೂವಿನ ಮಹತ್ವಾಕಾಂಕ್ಷೆಯ ಖರ್ಚನ್ನು ನಿಜವಾಗಿ ಭರಿಸುವವನು ಇವನೇ. ಅಂಜುತ್ತಾನೆ, ಚೌಕಾಶಿ ಮಾಡುತ್ತಾನೆ, ಇದು ತಪ್ಪಲ್ಲವೇ ಎಂದು ಕೇಳುತ್ತಾನೆ. ಕಟ್ಟಕಡೆಗೆ, ಯಜಮಾನನ ವಿದ್ಯೆಯನ್ನೇ ಕಲಿತು, ಕೊಲೆಗಾರರ ಸುಳಿವಿಗೆ ಗೊತ್ತಾಗಿದ್ದ ಬಹುಮಾನದ ಹಣದಲ್ಲಿ ಅರ್ಧ ಪಾಲನ್ನು ಬೇಡುತ್ತಾನೆ. ಬೇಡಿದ ದಿನವೇ, ಬಂದೂಕು ಹಿಡಿದ ಕೊಲೆಗಾರ ಸತ್ತಿದ್ದಾನೆಂದು ಲೂ ಹೇಳಿದ ಸುಳ್ಳನ್ನು ನಂಬಿ ಹತ್ತಿರ ಹೋಗಿ ಗುಂಡಿಗೆ ಬೀಳುತ್ತಾನೆ, ಯಜಮಾನನು ಅವನ ಕೊನೆಯುಸಿರನ್ನೂ ಚಿತ್ರಿಸಿಕೊಳ್ಳುತ್ತಾನೆ. ಜೊತೆಯಾಗಿ ಕೆಲಸ ಮಾಡೋಣವೆಂದು ಕರೆದಿದ್ದ ಪ್ರತಿಸ್ಪರ್ಧಿ ಜೋ ಲೋಡರನ ವ್ಯಾನನ್ನು ಕೆಡಿಸಿ, ಅಪಘಾತದಲ್ಲಿ ಜಜ್ಜಿಹೋದ ಅವನನ್ನು ಚಿತ್ರಿಸಿದಾಗಲಾದರೂ ದ್ವೇಷವೆಂಬ ಮಾನವಸಹಜ ಕಾರಣವೊಂದಿತ್ತು. ರಿಕ್‌ನ ವಿಷಯದಲ್ಲಿ ಅದೂ ಇಲ್ಲ. ಕೇವಲ ವೇತನದ ತಕರಾರು.

ದೋಷಗಳಿಲ್ಲವೆಂದಲ್ಲ. ಸುದ್ದಿಮನೆಯ ಅಂತಸ್ಸಾಕ್ಷಿಯಾಗಿ ನಿಲ್ಲಿಸಿದ ಆ ಸಹೋದ್ಯೋಗಿ ಆಕ್ಷೇಪಣೆಯೊಂದನ್ನು ಹೇಳಿ ಮರೆಯಾಗಲೆಂದೇ ಸೃಷ್ಟಿಯಾದವನು. ಅವನಿಗೊಂದು ಮನೆ, ಸಾಲ, ಭಯ ಇದ್ದಿದ್ದರೆ ನೀನಾಳ ಪಾತ್ರದಷ್ಟು ಮಾಂಸ ಅವನಿಗೂ ಬರುತ್ತಿತ್ತು. ಕೊನೆಯ ಬೆನ್ನಟ್ಟುವಿಕೆ ಮತ್ತೆಲ್ಲಿಯೋ ನೋಡಿದಂತಿದೆ. ಇದಕ್ಕಿಂತಲೂ ಗಂಭೀರವಾದ ಆಕ್ಷೇಪಣೆಯೆಂದರೆ, ಚಿತ್ರವನ್ನು ನೋಡಿದವರಲ್ಲಿ ಹಲವರು ಸ್ಕ್ಯಾನರ್ ಹಿಡಿದವರೆಲ್ಲರೂ ರಣಹದ್ದುಗಳು ಎಂದು ತೀರ್ಮಾನಿಸಿಬಿಡುವುದು. ಗಿಲ್ರಾಯ್ ತನ್ನ ಚಿತ್ರಕ್ಕಾಗಿ ನಿಜವಾದ ಸ್ಟ್ರಿಂಗರುಗಳ ಕಾರಿನಲ್ಲಿ ರಾತ್ರಿಗಳನ್ನು ಕಳೆದವನು; ಅವರ ಸಲಹೆಯನ್ನು ಪಡೆದವನು; ಅವರು ಲೂಗಳಲ್ಲ.

ಅಂಥ ತೀರ್ಮಾನದ ಅಪಾಯ ಚಿತ್ರದ ಹೊರಗೂ ಉಂಟು. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ, ಖಾಸಗಿ ವ್ಯಕ್ತಿಗಳ ಮಾಹಿತಿ ನಿಸ್ತಂತುವಿನಲ್ಲಿ ಬಯಲಾಗಬಾರದೆಂದು ಪೊಲೀಸ್ ಇಲಾಖೆಗಳಿಗೆ ಸೂಚಿಸಿತು. ಅನೇಕ ಪಟ್ಟಣಗಳ ಪೊಲೀಸರು ಇದಕ್ಕೆ ಕಂಡುಕೊಂಡ ಸುಲಭೋಪಾಯ, ತಮ್ಮ ಮಾತುಗಳನ್ನೆಲ್ಲ ಹೊರಗಿನವರಿಗೆ ತಿಳಿಯದಂತೆ ಗೂಢಗೊಳಿಸಿಬಿಡುವುದು. ಲೂವಿನಂಥವರ ಕಿವಿ ಮುಚ್ಚಿತೆಂದು ಸಂತೋಷಿಸುವವರಿದ್ದಾರೆ. ಆದರೆ ಪೊಲೀಸರೇ ಗುಂಡು ಹಾರಿಸಿದ ರಾತ್ರಿ ಅಲ್ಲಿಗೆ ಧಾವಿಸುತ್ತಿದ್ದ ಪ್ರಾಮಾಣಿಕ ವರದಿಗಾರನ ಕಿವಿಯೂ ಅದರೊಂದಿಗೆ ಮುಚ್ಚಿತು. ಪತ್ರಕರ್ತರ ಸಂಘಗಳು ಪ್ರತಿಭಟಿಸಿದ್ದು ಈ ಕಾರಣಕ್ಕೆ. ಸಾಯುತ್ತಿರುವವನನ್ನು ಚಿತ್ರಿಸುವುದೇ ಪಾಪವೆಂದು ಒಪ್ಪಿಕೊಂಡರೆ ಕಳೆದುಕೊಳ್ಳುವುದು ಇನ್ನೂ ಹೆಚ್ಚು. ಅದೇ ವರ್ಷದ ಮೇ 25ರಂದು ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ಪೊಲೀಸನ ಮೊಣಕಾಲಡಿಯಲ್ಲಿ ಜಾರ್ಜ್ ಫ್ಲಾಯ್ಡ್ ಪ್ರಾಣಬಿಡುತ್ತಿದ್ದಾಗ, ಅಂಗಡಿಗೆಂದು ಬಂದಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ನಿಂತಲ್ಲಿಯೇ ನಿಂತು ತನ್ನ ಫೋನಿನಲ್ಲಿ ಅದನ್ನು ಕಡೆಯವರೆಗೂ ಚಿತ್ರಿಸಿದಳು. ಅವಳು ಯಾವುದನ್ನೂ ಬೆಳಕಿಗೆ ಎಳೆಯಲಿಲ್ಲ, ಯಾವ ವಾಹಿನಿಯೊಡನೆಯೂ ಬೆಲೆ ಕುದುರಿಸಲಿಲ್ಲ, ಫೇಸ್‌ಬುಕ್ಕಿನಲ್ಲಿ ಹಾಕಿದಳು. 2021ರಲ್ಲಿ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಪ್ರಶಸ್ತಿಯನ್ನು ಸಲ್ಲಿಸಿತು. ಅವಳ ಚಿತ್ರ ಬರುವ ಮೊದಲು ಪೊಲೀಸರು ಹೊರಡಿಸಿದ್ದ ಹೇಳಿಕೆಯಲ್ಲಿ ಆ ಸಾವನ್ನು ಒಂದು ವೈದ್ಯಕೀಯ ಘಟನೆಯೆಂದು ನಮೂದಿಸಲಾಗಿತ್ತು.